ಅಧಿಷ್ಠಾನದ ಬೆಂಕಿ

ಹೋದ ವಾರ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ತೊಗರಿ ಕಟ್ಟಿಗೆ ಹಚ್ಚಿಕೊಂಡು ಚಳಿ ಕಾಯಿಸುತ್ತ ಕೂತಿದ್ದರು. ಬೆಳಗಿನ ಹೊತ್ತು. ಬಸವಕಲ್ಯಾಣದ ಬಸ್ಸು ಇನ್ನೂ ಬಂದಿರಲಿಲ್ಲ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಎದೆಯ ಮೇಲೆ ಯಾರೋ ಒಂದು ಪುಟ್ಟ ತಲೆಯನ್ನು ತಂದಿಟ್ಟ ಹಾಗಾಯಿತು. ಈಗ ನನ್ನ ಭುಜಕ್ಕೆ ಬಂದಿರುವ ಮಗಳು ಪಕ್ಕದಲ್ಲೇ ನಿಂತಿದ್ದಳು. "ಅವ್ವಾ, ಒಬ್ಬಾಕಿನೇ ಯಾಕ ನಗಾಕತ್ತೀ?" ಎಂದಳು.

"ನಿನ್ನ ಬಾಣಂತನ ನೆನಪಾತು."

"ನನ್ನ ಬಾಣಂತನಾ?" ಎಂದು ಮುಖ ಸಿಂಡರಿಸಿದಳು.

ತಪ್ಪೇನು ಹೇಳಿದೆ? ಆ ಚಳಿಗಾಲದಲ್ಲಿ ಬಾಣಂತನ ಆದದ್ದು ಅವಳದೇ. ನಾನು ಅವಳನ್ನು ಎದೆಗೆ ಕಟ್ಟಿಕೊಂಡ ಹಾಸಿಗೆ, ಅಷ್ಟೆ.

ನಮ್ಮ ಬೀದರ ಸೀಮೆ ಎಂದರೆ ಬಿಸಿಲು ಎಂದುಕೊಂಡವರೇ ಬಹಳ. ಅಂಥವರು ಸಂಕ್ರಮಣದ ಹಿಂದುಮುಂದೆ ಒಂದು ಬೆಳಿಗ್ಗೆ ಬಂದು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೋರಲು ಹಿಡಿಯಲಿ. ಒಂದು ಹನಿ ಬಿದ್ದರೆ ನನ್ನ ಕಿವಿ ಹಿಂಡಲಿ. ಎಣ್ಣೆ ಮೇಣದ ಹಾಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಅಂಥದೊಂದು ಚಳಿಯಲ್ಲಿ, ದಿನ ತುಂಬುವ ಮೊದಲೇ, ನಮ್ಮ ಮಹಾರಾಣಿ ಭೂಮಿಗೆ ಇಳಿದಳು. ಅಂಗೈ ಮೇಲೆ ಮಲಗಿಸಿದರೆ ಅಂಗೈಯೇ ದೊಡ್ಡದೆನಿಸುತ್ತಿತ್ತು.

ಹುಮನಾಬಾದಿನ ದವಾಖಾನೆಯ ಡಾಕ್ಟರಮ್ಮ ಬಿಡುಗಡೆ ಮಾಡುವಾಗ ಕೂಡಿಸಿಕೊಂಡು ಹೇಳಿದರು: "ಕೂಸಿನ ಮೈಯಾಗ ಇನ್ನಾ ಕಸುವಿಲ್ಲ. ತನ್ನ ಕಾವು ತಾನೇ ಕಾಯ್ಕೊಳ್ಳಾಕ ಅದಕ್ಕ ಬರಂಗಿಲ್ಲ. ಎದಿಗಿ ಹಚ್ಚಿಕೊಂಡೇ ಇರು. ಖೋಲಿ ಬೆಚ್ಚಗಿರಬೇಕು, ಆದ್ರ ಹೊಗಿ ಇರಬಾರದು. ಬಾಗಲಾ ಹಾಕ್ಕೊಂಡು ಕೆಂಡದ ಶೇಗಡಿ ಇಟ್ಟೀರಿ ಅಂದ್ರ ತಾಯಿ ಕೂಸು ಇಬ್ಬರೂ ಉಳಿಯಂಗಿಲ್ಲ, ನೆನಪಿಟ್ಕೋರಿ."

ಇದನ್ನು ಕೇಳಿ ನನಗಿಂತ ಹೆಚ್ಚು ಗಾಬರಿಯಾದವಳು ಗುರಮ್ಮ ಅತ್ತಿ. ಅತ್ತಿ ಎಂದರೆ ನನ್ನ ಅಪ್ಪನ ತಂಗಿ. ಅವ್ವ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಬಸವಕಲ್ಯಾಣದ ಅತ್ತಿಯ ಮನೆಯೇ ನನಗೆ ತವರು. ಅತ್ತಿಯ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ ಅವಳು ಮನೆಯ ಪಡಸಾಲೆಯಲ್ಲಿ ರೊಟ್ಟಿ ವ್ಯಾಪಾರ ಶುರು ಮಾಡಿದ್ದಳು. ಬೆಳಗಾದರೆ ಓಣಿಯ ಹೆಂಗಸರು ಬಂದು ಪಟಪಟ ಬಡಿಯುತ್ತಿದ್ದರು, ಜೋಳದ ರೊಟ್ಟಿ ಊರ ಖಾನಾವಳಿಗಳಿಗೆ ಹೋಗುತ್ತಿತ್ತು. ಮಕ್ಕಳಿಲ್ಲ, ಆದರೆ ಮನೆಯಲ್ಲಿ ಗದ್ದಲಕ್ಕೇನೂ ಬರವಿರಲಿಲ್ಲ. ಅತ್ತಿಯ ಬಾಯಿ ಒಂದೇ ಸಾಕಿತ್ತು.

"ನಮ್ಮ ಕಡೆ ಬಾಣಂತಿ ಹೊರಸಿನ ತಳಗ ಕೆಂಡ ಇಡೋದು ಹಿಂದಿನಿಂದ ಬಂದದ್ದು. ಅದೂ ಬ್ಯಾಡಂದ್ರ ಕಾವು ಎಲ್ಲಿಂದ ತರಬೇಕವ್ವಾ? ಕಿರಾಣಿ ಅಂಗಡ್ಯಾಗ ಸಿಗ್ತದೇನು?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ನಮ್ಮ ಮನೆಯವರು ಚಿಟಗುಪ್ಪದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟವರು. ಅವರು ಒಂದು ರೂಮ್ ಹೀಟರ್ ತಂದರು. ಜಂಬದಿಂದ ಬಟನ್ ಒತ್ತಿದರು. ಢಪ್ ಎಂದು ಇಡೀ ಮನೆಯ ಕರೆಂಟ್ ಹೋಯಿತು. ಆ ಮನೆಯ ವೈರು ಯಾವ ಕಾಲದ್ದೋ. ಮತ್ತೆ ಒತ್ತಿದರು, ಮತ್ತೆ ಹೋಯಿತು. ಹೀಟರ್ ತನ್ನ ಡಬ್ಬಿಗೆ ವಾಪಸಾಯಿತು.

ನನ್ನನ್ನು ಮಲಗಿಸಿದ್ದು 'ಸಾಹೇಬರ ಖೋಲಿ'ಯಲ್ಲಿ. ನಿಜಾಮರ ಕಾಲದಲ್ಲಿ ಯಾರೋ ಸಾಹೇಬರು ಕಟ್ಟಿಸಿದ ಮನೆ ಅದು. ಅವರು ಹೈದರಾಬಾದಿಗೆ ಹೊರಟು ನಿಂತಾಗ ಅತ್ತಿಯ ಮಾವ, ಎಂದರೆ ಅವಳ ಗಂಡನ ಅಪ್ಪ, ಕೊಂಡುಕೊಂಡಿದ್ದರು. ರೊಟ್ಟಿ ಹಿಟ್ಟಿನ ಧೂಳಾಗಲಿ ಒಲೆಯ ಹೊಗೆಯಾಗಲಿ ಬಾರದ ಖೋಲಿ ಎಂದರೆ ಇದೊಂದೇ. ಕಲ್ಲಿನ ಗೋಡೆ, ಎತ್ತರದ ಛತ್ತು. ಬೇಸಿಗೆಯಲ್ಲಿ ಸ್ವರ್ಗ, ಚಳಿಗಾಲದಲ್ಲಿ ನೆಲದೊಳಗಿನ ಥಂಡಿ ಹಗೇವು. ಒಂದು ಗೋಡೆಯಲ್ಲಿ ನಡುಮಟ್ಟದ ಕಮಾನು, ಕಮಾನಿನೊಳಗೆ ಆಳದ ಗೂಡು. ಆ ಗೂಡಿನಲ್ಲಿ ದೇವರು. ಮನೆಯವರೆಲ್ಲ ಅದನ್ನು 'ಅಧಿಷ್ಠಾನ' ಎನ್ನುತ್ತಿದ್ದರು. ಅತ್ತಿ ಮದುವೆಯಾಗಿ ಬಂದ ದಿನದಿಂದ ಅಲ್ಲಿ ಹೂ ಇಡುವುದನ್ನು ತಪ್ಪಿಸಿದವಳಲ್ಲ.

ಕೂಸನ್ನು ನೋಡಲು ಪಕ್ಕದ ಮನೆಯ ಮುಮ್ತಾಜ್ ಆಪಾ ಬಂದರು. ಕೂಸಿಗೊಂದು ಉಣ್ಣೆಯ ಟೋಪಿ ಹೆಣೆದು ತಂದಿದ್ದರು. ಅಷ್ಟು ವರ್ಷ ಪಡಸಾಲೆಯಲ್ಲೇ ಮಾತಾಡಿ ಹೋದವರು, ಈ ಒಳಖೋಲಿಗೆ ಕಾಲಿಟ್ಟದ್ದು ಅಂದೇ ಮೊದಲು. ಕೂಸನ್ನು ನೋಡಿ, ನನ್ನನ್ನು ನೋಡಿ, ಕಮಾನಿನ ಕಡೆ ತಿರುಗಿದವರೇ "ಅಯ್ಯ, ಇಲ್ಲಿ ಆತಿಶ್‌ದಾನ್ ಅದ ಅಲ್ರಿ!" ಎಂದರು.

ಅತ್ತಿ ಹಿಗ್ಗಿದಳು. "ಹೌದ್ರಿ ಆಪಾ, ಅಧಿಷ್ಠಾನ. ನಮ್ಮ ಮಾವನವರ ಕಾಲದಿಂದನೂ ಅದ."

"ಅಧಿಷ್ಠಾನ ಅಲ್ರಿ. ಆತಿಶ್‌ದಾನ್. ಆತಿಶ್ ಅಂದ್ರ ಬೆಂಕಿ. ಬೀದರದಾಗ ನಮ್ಮ ನಾನಿ ಮನ್ಯಾಗ ಹಿಂಗೇ ಇತ್ತು. ಥಂಡಿ ದಿನದಾಗ ಲಕಡಿ ಹಾಕಿ ಎಲ್ಲಾರೂ ಅದರ ಮುಂದ ಕೂಡ್ತಿದ್ವಿ. ಹೊಗಿ ಮ್ಯಾಲ ಹೋಗಾಕ ಗ್ವಾಡಿ ಒಳಗೇ ದಾರಿ ಇರ್ತದ."

ನಾನು ಕಮಾನು ನೋಡಿದೆ, ಅತ್ತಿಯನ್ನು ನೋಡಿದೆ. ಆಮೇಲೆ ನನಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆ, ನಕ್ಕರೆ ಜೀವ ಹೋಗುತ್ತದೆ, ಆದರೂ ನಕ್ಕೆ. ಆದದ್ದು ಇಷ್ಟೇ. ಮನೆ ತೋರಿಸುತ್ತ ಸಾಹೇಬರು 'ಯೇ ಆತಿಶ್‌ದಾನ್ ಹೈ' ಎಂದಿದ್ದಾರೆ. ಅತ್ತಿಯ ಮಾವನ ಉರ್ದು ಜೋಳ ಮಾರುವಷ್ಟಿತ್ತು, ಆತಿಶ್‌ದಾನ್ ಕೇಳುವಷ್ಟಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಅಧಿಷ್ಠಾನ. "ಸಾಹೇಬ ಆದ್ರೂ ದೇವರಿಗಂತ ಜಾಗಾ ಇಟ್ಟಾನ, ಭಾಳ ದೊಡ್ಡ ಮನುಷ್ಯ" ಎಂದು ಊರೆಲ್ಲ ಹೊಗಳಿದ್ದರಂತೆ. ಮರುದಿನವೇ ದೇವರನ್ನು ತಂದು ಕೂರಿಸಿದ್ದರು.

ಅತ್ತಿ ಮಾತ್ರ ನಗಲಿಲ್ಲ. ಆಪಾ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಅತ್ತಿ, ಹಂಗಾದ್ರ ಅಲ್ಲೇ ಬೆಂಕಿ ಹಾಕಬಹುದಲ್ಲಾ? ಹೊಗಿ ಮ್ಯಾಲ ಹೋಗ್ತದ, ಕೂಸಿಗಿ ಕಾವೂ ಆಗ್ತದ."

"ದೇವರ ಜಾಗಕ್ಕ ಬೆಂಕಿ ಇಡ್ತೀ? ನಾಲಿಗಿ ಹಿಡತದಾಗ ಇರ್ಲಿ."

"ಅದು ಒಲಿ ಅತ್ತಿ!"

"ನಿನಗ ಒಲಿ. ನನಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅತ್ತಿ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ತನ್ನ ಸಿಟ್ಟು ತೀರಿಸಿಕೊಂಡಳು. ಅಂದು ನನ್ನ ಖಾರದ ಸಾರು ನಿಜಕ್ಕೂ ಖಾರವಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಕೂಸಿನ ಪಾದ ತಣ್ಣಗಾಗಿವೆ. ಉಜ್ಜಿದೆ. ಬಾಯಿಗೆ ಹಾಲಿಟ್ಟೆ, ಹಿಡಿಯಲಿಲ್ಲ. ತುಟಿ ಅಲುಗಲಿಲ್ಲ. ನಾನು ಚೀರಿದ್ದಕ್ಕೆ ಪಡಸಾಲೆಯ ರೊಟ್ಟಿ ಬಡಿತವೆಲ್ಲ ಒಮ್ಮೆಲೇ ನಿಂತಿತು. ಅತ್ತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕೂಸನ್ನು ಕಸಿದುಕೊಂಡು, ಸೆರಗಿನೊಳಗೆ ತನ್ನ ಬರಿಮೈಗೆ ಒತ್ತಿಕೊಂಡು, ರೊಟ್ಟಿ ಒಲೆಯ ಬದಿಗೆ ಹೋಗಿ ಕೂತಳು. ಹೆಂಗಸರು ಉರಿಯುವ ಕೊಳ್ಳಿಗಳನ್ನು ಹೊರಗೆ ಹಾಕಿ ಹೊಗೆ ತಪ್ಪಿಸಿದರು. ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ. ಎಷ್ಟು ಹೊತ್ತಾಯಿತೋ, ಅತ್ತಿಯ ಸೆರಗಿನೊಳಗಿಂದ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಆ ದನಿ ಜೋರಾಯಿತು. ಜನ್ಮದಲ್ಲಿ ನಾನು ಅಷ್ಟು ಇಂಪಾದ ಅಳು ಕೇಳಿಲ್ಲ.

ಅತ್ತಿ ಕೂಸನ್ನು ನನ್ನ ಎದೆಗೆ ಕೊಟ್ಟಳು. ಕೈಕಾಲು ತೊಳೆದು ಬಂದು ಕಮಾನಿನ ಮುಂದೆ ನಿಂತಳು. ಹಿಂದಿನ ದಿನದ ಹೂ ತೆಗೆದಳು. ಆಮೇಲೆ ಒಂದೊಂದಾಗಿ ದೇವರನ್ನು ಎತ್ತಿ ಹಿತ್ತಾಳೆಯ ಅಗಲ ಪರಾತದಲ್ಲಿಟ್ಟುಕೊಳ್ಳುತ್ತ, ನನಗೆ ಹೇಳುತ್ತಿದ್ದಾಳೋ ದೇವರಿಗೋ ತಿಳಿಯದ ಹಾಗೆ ಮಾತಾಡಿದಳು:

"ಈ ಮನಿಗಿ ಬಂದಾಗಿನಿಂದ ಇಲ್ಲೇ ಹೂ ಇಟ್ಟು, ಮನ್ಯಾಗ ಒಂದು ಕೂಸು ಅಳೋ ದನಿ ಕೇಳಸು ಅಂತ ಬೇಡೀನಿ. ಕೇಳಿಸಿದಿ. ತಡಾ ಮಾಡಿದಿ, ಇರ್ಲಿ, ಕೇಳಿಸಿದ್ಯಲ್ಲ. ಈಗ ಅದಕ್ಕ ಛಳಿ ಹತ್ತೇದ. ನಿನಗೇನು ಛಳಿಯೇನು? ನಡಿ, ಅಡಗಿಮನಿ ಗ್ವಾಡಿ ಮಾಡದಾಗ ಕೂಡು. ಜಾಗಾ ಬಿಡು."

ನನಗೆ ಅಳು ಬಂತು. ಹಿಂದಿನ ದಿನದ ಸಿಟ್ಟು ಎಲ್ಲಿ ಹೋಯಿತೋ. ಅತ್ತಿ ಏನು ಬೇಡುತ್ತಿದ್ದಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅಷ್ಟಕ್ಕೇ ಎಲ್ಲ ಸುರಳೀತ ಆಗಿದ್ದರೆ ಅದು ನಮ್ಮ ಮನೆಯೇ ಅಲ್ಲ. ಮೊದಲ ಬೆಂಕಿ ಹಾಕಿದಾಗ ಹೊಗೆಯೆಲ್ಲ ಒಳಗೇ ತಿರುಗಿತು. ನಾನು ಕೂಸನ್ನೆತ್ತಿಕೊಂಡು ಆಪಾ ಮನೆಗೆ ಓಡಿದೆ. ಸುದ್ದಿ ತಿಳಿದು ಚಿಟಗುಪ್ಪದಿಂದ ಬಂದಿದ್ದ ನಮ್ಮ ಮನೆಯವರು ಮಾಳಿಗೆ ಹತ್ತಿ ನೋಡಿದರೆ ಹೊಗೆಗೂಡಿನ ಬಾಯಿಗೆ ಚಪ್ಪಡಿ ಬಿದ್ದಿತ್ತು. ದೇವರ ಮೇಲೆ ಮಳೆ ಸೋರುತ್ತದೆಂದು ಅತ್ತಿಯ ಮಾವನೇ ಮುಚ್ಚಿಸಿದ್ದಂತೆ. ಚಪ್ಪಡಿ ಸರಿಸಿ, ಒಳಗಿನ ಹಳೆಯ ಪಾರಿವಾಳದ ಗೂಡು, ಕಸಕಡ್ಡಿ ಎಲ್ಲ ಕೆಡವಿದರು. ಮುಖವೆಲ್ಲ ಮಸಿ ಮಾಡಿಕೊಂಡು ಕೆಳಗಿಳಿದು, ದೊಡ್ಡ ಹೊರೆ ತೊಗರಿ ಕಟ್ಟಿಗೆ ತುಂಬಿ ಹಚ್ಚಿದರು. ಭುಗಿಲ್ ಎಂದಿತು. ಹೊಗೆ ಸರ್ ಎಂದು ಮೇಲೆ ಹೋಯಿತು. "ನೋಡ್ರಿ ಅತ್ತಿ, ಹ್ಯಾಂಗ ಉರಿಯಾಕತ್ತದ!" ಎಂದು ಮೀಸೆ ತಿರುವಿದರು.

ಉರಿಯಿತು ನಿಜ. ಆದರೆ ಹತ್ತಿರ ಕೂತವರ ಮುಖ ಸುಡುತ್ತಿತ್ತು, ಬೆನ್ನು ನಡುಗುತ್ತಿತ್ತು. ಹೊರಸಿನ ತಲೆದೆಸೆಯಲ್ಲಿ ಕೂಸಿನ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟಿದ್ದೆವು. ಅದು ಬೆಳ್ಳಗೆ ಗಟ್ಟಿಯಾಗಿಯೇ ಇತ್ತು. ಖೋಲಿ ಬಾಗಿಲಿನ ಸಂದಿಯಿಂದ ತಣ್ಣನೆ ಗಾಳಿ ನುಗ್ಗಿ ನನ್ನ ಹೊರಸಿನ ಮೇಲೆ ಹಾಯ್ದು ಒಲೆಗೆ ಹೋಗುತ್ತಿತ್ತು. ದೀಪದ ಕುಡಿ ಒಲೆಯ ಕಡೆಗೇ ವಾಲಿ ನಿಂತಿತ್ತು. ಬೆಂಕಿ ಹಾಕುವ ಮೊದಲೇ ಖೋಲಿ ಬೆಚ್ಚಗಿತ್ತೇನೋ ಎಂದು ಅನುಮಾನ ಬಂತು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದ ಅತ್ತಿ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಓಣಿ ಬೆಕ್ಕೆಲ್ಲಾ ಹೊಗಿಗೂಡಿಗಿ ಆತು ಮಲಗ್ಯಾವ. ಬೆಕ್ಕಿನ ಬಾಣಂತನ ಮಾಡಾಕತ್ತೀವಿ ನಾವು!"

ಆಮೇಲೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ನೋಡಿದಳು. ಮಾತಿಲ್ಲದ ಅತ್ತಿ ಎಂದರೆ ಏನೋ ಕುದಿಯುತ್ತಿದೆ ಎಂದರ್ಥ.

"ಈ ಒಲಿ ಉಣ್ಣಾಕತ್ತದ, ಉಣಸಾಕತ್ತಿಲ್ಲ," ಎಂದಳು ಕೊನೆಗೆ. "ಅಳಿಯಾ, ರೊಟ್ಟಿ ಉರಿಗಿ ಉಬ್ಬಿದ್ದು ಎಲ್ಲರ ನೋಡೀರೇನು? ಉರಿ ಮ್ಯಾಲ ಹೋಗ್ತದ, ಅದಕ್ಕ ಮೈ ಸುಡೋದಷ್ಟೇ ಗೊತ್ತು. ಹಂಚಿನಿಂದ ತಗದು ಕೆಂಡದ ಮುಂದ ನಿಂದ್ರಿಸಿದಾಗ ಉಬ್ಬತದ. ಕಾವು ಎದುರಿಗಿ ಹೊಡಿಬೇಕು."

ಅಲ್ಲಿಂದ ಮುಂದೆ ಆ ಖೋಲಿ ಖೋಲಿಯಾಗಿ ಉಳಿಯಲಿಲ್ಲ, ಎಲ್ಲರ ಕಾರ್ಖಾನೆಯಾಯಿತು. ರೊಟ್ಟಿ ವ್ಯಾಪಾರದಲ್ಲಿ ಸವೆದು ಸೀಳು ಬಿಟ್ಟ ಒಂದು ದಪ್ಪ ಕಬ್ಬಿಣದ ಹಂಚಿತ್ತು. ಅತ್ತಿ ಅದನ್ನು ಗೂಡಿನ ಹಿಂಗೋಡೆಗೆ ಆನಿಸಿ ನಿಲ್ಲಿಸಿದಳು, ಕಾದ ಹಂಚು ಕಾವನ್ನು ಖೋಲಿಗೆ ಎಸೆಯಲಿ ಎಂದು. ಗೂಡು ಬಹಳ ಆಳವಾಯಿತು, ಕಾವು ಮೂಲೆಯಲ್ಲೇ ಸಾಯುತ್ತದೆ ಎಂದು ನಮ್ಮ ಮನೆಯವರು ಎರಡೂ ಬದಿಗೆ ಇಟ್ಟಂಗಿಯನ್ನು ಕೆಸರಿನಲ್ಲಿ ಓರೆಯಾಗಿ ಕಟ್ಟಿದರು. ಗೂಡಿನ ಬಾಯಿ ಹೊರಗೆ ಅಗಲ, ಹಿಂದೆ ಕಿರಿದು ಆಯಿತು. ಮುಮ್ತಾಜ್ ಆಪಾ ಬಂದು ಗೂಡಿನೊಳಗೆ ತಲೆ ಹಾಕಿ ಮೇಲೆ ನೋಡಿ, "ನಮ್ಮ ನಾನಿ ಮನ್ಯಾಗ ಇಲ್ಲೊಂದು ತಗಡಿನ ಪತ್ರಾ ಇತ್ತು. ಕೋಲಿನಿಂದ ದೂಡಿ ಹೊಗಿದಾರಿ ಸಣ್ಣದು ದೊಡ್ಡದು ಮಾಡ್ತಿದ್ರು" ಎಂದರು. ನೋಡಿದರೆ ನಮ್ಮದರಲ್ಲೂ ತಗಡು ಕೂರುವ ಸಂದಿ ಇತ್ತು, ತಗಡು ತುಕ್ಕು ತಿಂದು ಹೋಗಿತ್ತು. ಮರುಬಾರಿ ಬರುವಾಗ ನಮ್ಮ ಮನೆಯವರು ಅಂಗಡಿಯಲ್ಲಿ ಹೊಸದನ್ನು ಕತ್ತರಿಸಿಕೊಂಡು ತಂದರು. ಹೊತ್ತಿಸುವಾಗ ಪೂರ್ತಿ ತೆರೆ, ಕೆಂಡವಾದ ಮೇಲೆ ಅರ್ಧ ಎಳೆ, ಪೂರ್ತಿ ಮಾತ್ರ ಎಂದೂ ಮುಚ್ಚಬೇಡ. ಇದು ಆಪಾ ಹೇಳಿಕೊಟ್ಟ ಪಾಠ.

ಖೋಲಿ ಬಾಗಿಲಿನ ಸಂದಿಗೆ ಹಳೆಯ ಕೌದಿ ತುರುಕಿದೆವು. ಒಲೆಯ ಪಕ್ಕದ ಕಿಟಕಿಯನ್ನು ಮಾತ್ರ ಬೆರಳು ಹೋಗುವಷ್ಟು ತೆರೆದಿಟ್ಟೆವು. ಬೆಂಕಿ ಬೇಕಾದ ಗಾಳಿಯನ್ನು ಅಲ್ಲಿಂದಲೇ ಕುಡಿಯಲಿ, ನನ್ನ ಬೆನ್ನ ಮೇಲಿನಿಂದಲ್ಲ. ಡಾಕ್ಟರಮ್ಮನ ಮಾತೂ ನಡೆಯಿತು. ತೊಗರಿ ಕಟ್ಟಿಗೆ ಹೊತ್ತಿಸುವುದಕ್ಕಷ್ಟೇ ಸೈ ಎಂದು ಅತ್ತಿ ಮುಡಬಿಯಿಂದ ಜೋಳ ತರುವವನಿಗೆ ಹೇಳಿ ಚೆನ್ನಾಗಿ ಒಣಗಿದ ಜಾಲಿ ಕೊರಡು ತರಿಸಿದಳು. ನಾನು ಬೂದಿ ತೆಗೆಸಬೇಕೆಂದರೆ ಬೈದಳು. "ಬೂದಿ ಕೆಂಡದ ಹಾಸಿಗಿ. ಹಾಸಿಗಿ ಕಸಗೊಂಡ್ರ ಯಾರು ನಿದ್ದಿ ಮಾಡ್ತಾರ?"

ಸಣ್ಣ ಬೆಂಕಿ. ನೋಡಿದರೆ ಇಷ್ಟೇನಾ ಎನ್ನಬೇಕು, ಅಷ್ಟು ಸಣ್ಣದು. ಸಂಜೆಗೆ ಜಾಲಿ ಕೊರಡು ಕೆಂಡವಾಗಿ, ಹಿಂದಿನ ಹಂಚು ಕಾದು, ಗೋಡೆಯ ಕಲ್ಲೂ ನಿಧಾನಕ್ಕೆ ಬಿಸಿಯೇರಿತು. ಅತ್ತಿ ಅರೆಬೆಂದ ಒಂದು ರೊಟ್ಟಿ ತಂದು ಇಟ್ಟಂಗಿಗೆ ಆನಿಸಿ ಕೆಂಡದ ಎದುರಿಗೆ ನಿಲ್ಲಿಸಿದಳು. ನಾವೆಲ್ಲ ಉಸಿರು ಹಿಡಿದು ನೋಡಿದೆವು. ರೊಟ್ಟಿ ಒಂದು ಮೂಲೆಯಲ್ಲಿ ಉಸಿರು ತೆಗೆದುಕೊಂಡಿತು, ಆಮೇಲೆ ಬುಸ್ ಎಂದು ಇಡಿಯಾಗಿ ಉಬ್ಬಿತು. ಅದನ್ನು ಬೆಣ್ಣೆ ಹಚ್ಚಿ ಬಾಣಂತಿಗೇ ಕೊಟ್ಟರು.

ನಿಜವಾದ ಪರೀಕ್ಷೆ ಮರುದಿನ ಮುಂಜಾನೆಯದು. ಹೊರಗೆ ಮಂಜು ಎಷ್ಟಿತ್ತೆಂದರೆ ಎದುರುಮನೆ ಕಾಣುತ್ತಿರಲಿಲ್ಲ. ಅತ್ತಿ ಒಳಗೆ ಬಂದಳು. ಕೂಸನ್ನು ಮುಟ್ಟಲಿಲ್ಲ. ತಲೆದೆಸೆಯ ಬಾಟಲಿ ಎತ್ತಿ ಅಂಗೈ ಮೇಲೆ ಬೋರಲು ಹಾಕಿದಳು. ನಡುವಿನ ಬಿಳಿ ಗಡ್ಡೆ ಒಂದಿಷ್ಟು ಜಾರಿತು. ಅದರ ಸುತ್ತಲಿಂದ ಎಣ್ಣೆ ತೊಟತೊಟ ಇಳಿಯಿತು. ಅತ್ತಿ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಕೂತು, ನನ್ನ ಸೆರಗು ಸರಿಸಿ, ಕೂಸಿನ ಪುಟ್ಟ ಪಾದಗಳಿಗೆ ಆ ಎಣ್ಣೆ ಸವರಿದಳು. ಪಾದ ಬೆಚ್ಚಗಿದ್ದವು. ಕೂಸು ಹಾಲು ಕುಡಿಯುತ್ತಲೇ ಕಾಲು ಝಾಡಿಸಿ ಅತ್ತಿಯ ಕೈಗೆ ಒದೆಯಿತು.

"ಒದಿ ಒದಿ, ನಿನ್ನದೇ ರಾಜ್ಯ ಈಗ" ಎಂದಳು ಅತ್ತಿ.

ಆ ಚಳಿಗಾಲದ ಉಳಿದ ದಿನಗಳಷ್ಟು ಸುಖವನ್ನು ನಾನು ಮತ್ತೆ ಉಂಡಿಲ್ಲ, ಹೇಳಿಬಿಡುತ್ತೇನೆ. ರೊಟ್ಟಿ ಹೆಂಗಸರು ಕೆಲಸ ಮುಗಿಸಿ ಒಲೆಯ ದರ್ಶನಕ್ಕೆಂದು ಬಂದು ಕೂರುತ್ತಿದ್ದರು. ಸಂಕ್ರಮಣಕ್ಕೆ ಎಳ್ಳು ಹುರಿದದ್ದೂ ಅಲ್ಲೇ. ಭಾನುವಾರ ಬಂದ ನಮ್ಮ ಮನೆಯವರು ಕೂಸಿಗಿಂತ ಮೊದಲು ಹೊಗೆದಾರಿಯ ತಗಡನ್ನು ಮಾತಾಡಿಸುತ್ತಿದ್ದರು. ನಾನು ಕೂಸನ್ನು ಎದೆಗೆ ಕಟ್ಟಿಕೊಂಡು, ಕೆಂಡ ನೋಡುತ್ತ, ಯಾವ ಚಿಂತೆಯೂ ಇಲ್ಲದೆ ಮಲಗಿರುತ್ತಿದ್ದೆ.

ತೂಕ ಮಾಡಿಸಲು ಹುಮನಾಬಾದಿಗೆ ಹೋದಾಗ ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. "ಭಾಳ ಚೊಲೋ ಏರ್ಯಾದ. ಎಲ್ಲಿ ಇಟ್ಟಿದ್ರಿ ಕೂಸಿಗಿ?"

"ಅಧಿಷ್ಠಾನದ ಮುಂದ ಇಟ್ಟಿದ್ವಿರಿ" ಎಂದಳು ಅತ್ತಿ ಗಂಭೀರವಾಗಿ.

"ಗುಡಿಯಾಗೇನ್ರಿ? ಇಂಥಾ ಛಳಿಯಾಗ?" ಎಂದು ಡಾಕ್ಟರಮ್ಮ ಬೆಚ್ಚಿಬಿದ್ದರು. ಬಿಡಿಸಿ ಹೇಳುವಷ್ಟರಲ್ಲಿ ಹೊರಗಿನ ಸಾಲಿನವರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಇದೆಲ್ಲವನ್ನೂ ಬಸ್ಸಿನಲ್ಲಿ ಮಗಳಿಗೆ ಹೇಳುತ್ತ ಬಂದೆ. ಬಸವಕಲ್ಯಾಣದಲ್ಲಿ ಇಳಿದು ಮನೆ ಮುಟ್ಟಿದರೆ ಪಡಸಾಲೆಯಲ್ಲಿ ಅದೇ ಪಟಪಟ. ಅತ್ತಿಯ ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಸಾಹೇಬರ ಖೋಲಿಯಲ್ಲಿ ಸಣ್ಣ ಬೆಂಕಿ, ಹಿಂದೆ ಅದೇ ಸೀಳು ಹಂಚು. ಮಗಳು ಅದರ ಮುಂದೆ ಕಾಲು ಚಾಚಿ ಕೂತು ವಿಚಾರಣೆ ಶುರು ಮಾಡಿದಳು. ಅವಳು ಅತ್ತಿಯನ್ನು ಕರೆಯುವುದು 'ಆಯಿ' ಎಂದು. ನಮ್ಮ ಕಡೆ ಅಜ್ಜಿಗೆ ಹಾಗೆನ್ನುತ್ತೇವೆ.

"ಆಯಿ, ಖರೇ ಹೇಳು. ಇದು ಆತಿಶ್‌ದಾನೋ ಅಧಿಷ್ಠಾನೋ?"

"ಛಳಿಗಾಲದಾಗ ಆತಿಶ್‌ದಾನ. ಬ್ಯಾಸಗಿ ಬಂತಂದ್ರ ಬೂದಿ ತಗದು, ಸಾರಿಸಿ, ಮತ್ತ ದೇವರಿಗಿ ತಂದು ಕೂಡಸ್ತೀನಿ. ಅಡಗಿಮನಿ ಸೆಕಿಗಿ ಅವರಿಗೂ ತಂಪು ಬೇಕಲ್ಲ?"

"ಮತ್ತ ನಿನ್ನ ಮಾವ, ಆ ಮುತ್ಯಾ, ತಪ್ಪು ಕೇಳಿಸ್ಕೊಂಡಿದ್ದ ಅಂತ ಅವ್ವ ನಗ್ತಾಳ?"

"ನಗ್ಲಿ. ತಪ್ಪೇನು ಕೇಳಿಲ್ಲ. ಅರ್ಧಾ ಕೇಳಿದ್ದ."

ಮಗಳು ಬಿಡಲಿಲ್ಲ. "ನೀ ಇಲ್ಲಿ ದಿನಾ ಹೂ ಇಟ್ಟು ಏನೋ ಬೇಡ್ತಿದ್ದಿಯಂತಲ್ಲ. ಏನದು?" ಬಸ್ಸಿನಲ್ಲಿ ನಾನು ಎಲ್ಲ ಹೇಳಿದ್ದೆ, ಅದೊಂದನ್ನು ಬಿಟ್ಟು. ಅದನ್ನು ಹೇಳುವ ಹಕ್ಕು ಅತ್ತಿಯದೆಂದು ಸುಮ್ಮನಾಗಿದ್ದೆ.

ಅತ್ತಿ ಕೈ ಚಾಚಿ ಹೊರಸಿನ ತಲೆದೆಸೆಯ ಎಣ್ಣೆ ಬಾಟಲಿ ಎತ್ತಿಕೊಂಡಳು. ಅಂಗೈ ಮೇಲೆ ಬೋರಲು ಹಾಕಿದಳು. ಎಣ್ಣೆ ಸರಾಗ ಇಳಿಯಿತು.

"ಏನು ಬೇಡಿದ್ನೋ, ಅದು ಎದುರಿಗಿ ಕೂತು ತಲಿ ತಿನ್ನಾಕತ್ತದ. ಇತ್ತಾಗ ತಿರುಗು, ಎಣ್ಣಿ ಹಚ್ತೀನಿ."